ಕೀಲಿ ತಿರುಗಿಸಿದರೆ ಮಾತ್ರ ಜೀವ ಬರುವ ವೈರು

ಮೂವತ್ತು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿದ ಮನುಷ್ಯ ತನ್ನ ಬೈಕಿಗೆ ಒಂದು ಮೊಬೈಲ್ ಚಾರ್ಜರ್ ಕೂರಿಸಲು ಹೋಗಿ ಸೋತ ಅಂದರೆ ಯಾರಾದರೂ ನಗುತ್ತಾರೆ. ಓಂಕಾರಪ್ಪನವರಿಗೂ ಮೊದಮೊದಲು ನಗುವೇ ಬಂತು. ನಗು ನಿಂತದ್ದು ಮೂರನೆಯ ಸಲಕ್ಕೆ.

ಅವರು ದಾವಣಗೆರೆ ಕಡೆಯವರು. ಐ.ಟಿ.ಐ. ಮುಗಿಸಿ ಬರೆದ ಪರೀಕ್ಷೆಯೊಂದು ಅವರನ್ನು ತಂದು ಕಲ್ಕತ್ತಾದಲ್ಲಿ ಹಾಕಿತು. ಹತ್ತು ವರ್ಷ "ಮುಂದಿನ ವರ್ಷ ಹುಬ್ಬಳ್ಳಿಗೆ ವರ್ಗ ಮಾಡಿಸ್ಕೊಂಡು ಹೋಗ್ತೀನಿ" ಅಂದರು, ಆಮೇಲೆ ಅನ್ನುವುದನ್ನೇ ಬಿಟ್ಟರು. ಈಗ, ಎರಡು ಸಾವಿರದ ಏಳರ ಚಳಿಗಾಲದಲ್ಲಿ, ಅವರಿಗೆ ಐವತ್ತೇಳು. ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ಹೆಂಡತಿ ಪಾರ್ವತಮ್ಮ ಮತ್ತು ಮಗಳು ಅಕ್ಷರಾ, ಕೆಳಗೆ ಮೆಟ್ಟಿಲ ಬುಡದಲ್ಲಿ ನೂರು ಸಿ.ಸಿ.ಯ ಹಳೇ ಬೈಕು. ಐದಾರು ಮೈಲಿ ಆಚೆಯ ಒಂದು ಸಣ್ಣ ಸ್ಟೇಷನ್ನಿನ ಸಿಗ್ನಲ್‌ಗಳೆಲ್ಲ ಅವರ ಪಾಲಿನವು. ಎಲ್ಲಿ ಸಿಗ್ನಲ್ ಕೆಟ್ಟಿತೋ, ಎಲ್ಲಿ ಹಳಿ ಬದಲಿಸುವ ಪಾಯಿಂಟು ಅರ್ಧಕ್ಕೆ ನಿಂತಿತೋ ಅಲ್ಲಿಗೆ ಚೀಲ ಹೆಗಲಿಗೇರಿಸಿ ಓಡಬೇಕು. ಅವರು ಬಂದು ಸರಿಮಾಡುವವರೆಗೆ ರೈಲು ನಿಂತಿರುತ್ತದೆ, ರೈಲಿನೊಳಗಿನ ಬಾಬುಗಳು ಕಿಟಕಿಯ ಬಳಿ ಸೇರಿ ಬೈಯುತ್ತಿರುತ್ತಾರೆ. ಓಂಕಾರಪ್ಪ ಬಂಗಾಳಿ ಕಲಿತದ್ದೇ ಆ ಬೈಗುಳದಿಂದ.

ರೈಲ್ವೆಯವರು ಎರಡು ವರ್ಷದ ಹಿಂದೆ ಒಂದು ಮೊಬೈಲ್ ಕೊಟ್ಟ ಮೇಲೆ ಓಡಾಟ ಇನ್ನಷ್ಟು ಹೆಚ್ಚಿತು. ಕೊರಳಿಗೆ ಗಂಟೆ ಕಟ್ಟಿದ ಹಸು ಎಲ್ಲಿ ತಪ್ಪಿಸಿಕೊಂಡೀತು? ಆದರೆ ಫೋನಿನ ಬ್ಯಾಟರಿ ಮುದಿಯಾಗಿ ಮಧ್ಯಾಹ್ನಕ್ಕೇ ಉಸಿರು ಬಿಡುತ್ತಿತ್ತು. ನವೆಂಬರಿನಲ್ಲಿ ಒಂದು ದಿನ ಸಿಗ್ನಲ್ ಕೆಟ್ಟು ಎಲ್ಲರೂ ಹುಡುಕುತ್ತಿದ್ದಾಗ ಅದು ಎರಡು ಗಂಟೆ ಸತ್ತು ಬಿದ್ದಿತ್ತು. ಮೇಲಧಿಕಾರಿ ಘೋಷಾಲ್ ಬೈಯಲಿಲ್ಲ. ಟೀ ತರಿಸಿ ಕೊಟ್ಟು, "ಓಂಕಾರ್‌ದಾ, ನಿಮ್ಮ ಫೋನ್ ಬಂದ್ ಆದರೆ ನನ್ನ ಜೀವ ಹೋದ ಹಾಗೆ ಆಗುತ್ತೆ" ಅಂದರು. ಬೈದಿದ್ದರೇ ವಾಸಿಯಿತ್ತು. ಬೈಕಿಗೇ ಒಂದು ಚಾರ್ಜರ್ ಕೂರಿಸಿಬಿಡೋಣ ಎಂದು ಓಂಕಾರಪ್ಪ ಅವತ್ತೇ ತೀರ್ಮಾನ ಮಾಡಿದರು.

ಅಕ್ಷರಾಗೆ ಇದು ತಮಾಷೆಯಾಗಿ ಕಂಡಿತು. ಅವಳು ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ, ಹೋದ ವರ್ಷ ಕೆರೆಯಿದ್ದಲ್ಲಿ ಈ ವರ್ಷ ಎದ್ದು ನಿಂತ ಗಾಜಿನ ಕಟ್ಟಡವೊಂದರಲ್ಲಿ, ಅಮೆರಿಕದವರ ವಿಮೆ ಕಾಗದ ನೋಡುವ ಕೆಲಸದಲ್ಲಿದ್ದಳು. "ನಮ್ಮ ಆಫೀಸಲ್ಲಿ ಒಂದೊಂದು ಚೇರಿಗೂ ಎರಡೆರಡು ಪ್ಲಗ್ ಇದೆ ಅಪ್ಪಾ. ಯೂ ಪೀಪಲ್ ಆರ್ ಸೋ ಪೂರ್" ಅಂದಳು. ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ಮಾತ್ರ ಅರ್ಧ ದಾರಿಯಲ್ಲಿ ಇಳಿದುಹೋಗುತ್ತಿತ್ತು.

ಎಸ್ಪ್ಲನೇಡ್ ಪಕ್ಕದ ಚಾಂದನಿ ಗಲ್ಲಿಗೆ ಹೋಗಿ ಓಂಕಾರಪ್ಪ ಒಂದು ಚಾರ್ಜಿಂಗ್ ಸಾಕೆಟ್, ಮಂಜಿಗೆ ಇರಲಿ ಎಂದು ಒಂದು ಹಳದಿ ದೀಪ, ಒಂದು ರಿಲೇ ತಂದರು. "ಹಾಕಿಕೊಡಲಾ ದಾದಾ?" ಎಂದು ಅಂಗಡಿಯವನು ಕೇಳಿದಾಗ ಇವರಿಗೆ ಅವಮಾನವೇ ಆಯಿತು. ಪಾರ್ವತಮ್ಮ ಸಾಮಾನು ನೋಡಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಸೀಟು ಹರಿದು ಸ್ಪಂಜು ಹೊರಗೆ ಬಂದೈತೆ, ಅದಕ್ಕೆ ದೀಪ ಬೇರೆ" ಅಂದರು.

ಇನ್ನು ಬೈಕಿನ ವಿಚಾರ. ಅದರೊಳಗೆ ಓಡುವುದು ಎರಡು ಬಗೆಯ ಕರೆಂಟು. ಒಂದು ಬ್ಯಾಟರಿಯಿಂದ ನೇರ ಬರುವುದು, ಕೀಲಿ ಇರಲಿ ಬಿಡಲಿ ಹಗಲೂ ರಾತ್ರಿ ಜೀವಂತ. ಇನ್ನೊಂದು ಕೀಲಿ ತಿರುಗಿಸಿದರೆ ಬರುವುದು, ಕೀಲಿ ತೆಗೆದರೆ ಹೋಗುವುದು. ಹೊರಗಿನಿಂದ ಏನೇ ಸೇರಿಸಿದರೂ ಈ ಎರಡನೆಯದಕ್ಕೆ ಸೇರಿಸಬೇಕು. ಮೊದಲನೆಯದಕ್ಕೆ ಸೇರಿಸಿದರೆ ಬೈಕು ನಿಂತಿದ್ದಾಗಲೂ ಕರೆಂಟು ಸೋರಿ ಸೋರಿ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಓಂಕಾರಪ್ಪ ನಡುವೆ ರಿಲೇ ಇಟ್ಟರು. ಅದೊಂದು ಸಣ್ಣ ಡಬ್ಬಿ. ಕೀಲಿಯ ವೈರಿನಿಂದ ಚೂರು ಕರೆಂಟು ಬಂದರೆ ಒಳಗಿನ ನಾಲಿಗೆ ಟಕ್ ಎಂದು ಅಂಟಿಕೊಂಡು ದೀಪಕ್ಕೂ ಸಾಕೆಟ್ಟಿಗೂ ದಾರಿ ಬಿಡುತ್ತದೆ. ಸ್ಟೇಷನ್ನಿನಲ್ಲಿ ಅಂಥ ನೂರಾರು ಡಬ್ಬಿಗಳನ್ನು ಅವರು ಮಕ್ಕಳ ಹಾಗೆ ನೋಡಿಕೊಂಡಿದ್ದರು. ಬೈಕಿನದು ಒಂದೇ ಒಂದು.

ಮೊದಲ ಭಾನುವಾರ ಅವರು ಸೀಟು ಬಿಚ್ಚಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರು ಮುಟ್ಟಿ ನೋಡಿದರು. ಕೀಲಿ ತಿರುಗಿಸಿದಾಗ ಹೊತ್ತಿ ಕೀಲಿ ತೆಗೆದಾಗ ಆರುವ ವೈರು ಸಿಕ್ಕಿತು, ಕಂದು ಬಣ್ಣದ್ದು. ಅಲ್ಲಿ ಕೈ ಆಡಿಸಲು ಜಾಗವಿರಲಿಲ್ಲ. ಅದೇ ವೈರು ಮುಂದೆ ಹೆಡ್‌ಲೈಟಿನ ಬಟ್ಟಲಿನೊಳಗೂ ಬರುತ್ತದೆ, ಅಲ್ಲೇ ಜೋಡಿಸಿದರಾಯಿತು ಎಂದು ಬಟ್ಟಲು ಬಿಚ್ಚಿ, ಕಂದು ವೈರು ಆರಿಸಿ, ಸುಲಿದು, ಸೇರಿಸಿ, ಟೇಪು ಸುತ್ತಿದರು. ಕೀಲಿ ತಿರುಗಿಸಿ ನೋಡಿದರೆ ದೀಪ ಹೊತ್ತಿತು, ಫೋನು ಚಾರ್ಜಾಗತೊಡಗಿತು. ಬೆನ್ನು ನೋಯುತ್ತಿತ್ತು. ದೀಪಕ್ಕೆಂದೇ ಹ್ಯಾಂಡಲಿನ ಮೇಲೆ ಕೂರಿಸಿದ್ದ ಗುಂಡಿ ಒತ್ತಿ ಅದನ್ನು ಆರಿಸಿ, ಆಮೇಲೆ ಕೀಲಿ ತೆಗೆದು, ಮೇಲೆ ಹೋಗಿ ಮಲಗಿಬಿಟ್ಟರು.

ಸಿಗ್ನಲ್ ಕೆಲಸದಲ್ಲಿ ಹೊತ್ತುವುದನ್ನು ನೋಡಿದರೆ ಅರ್ಧ ಪರೀಕ್ಷೆ, ಆರುವುದನ್ನು ನೋಡಿದರೆ ಪೂರ್ತಿ. ಇದನ್ನು ಅವರು ಜೊತೆಗಾರ ಹಲ್ದಾರ್‌ಗೆ ಸಾವಿರ ಸಲ ಹೇಳಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಮಾರನೆಯ ಬೆಳಿಗ್ಗೆ ಸೆಲ್ಫ್ ಬಟನ್ ಒತ್ತಿದರೆ ಬೈಕು ಕೆಮ್ಮಲಿಲ್ಲ, ಹಾರ್ನು ಗೊರಗೊರ ಅಂದಿತು. ಹಾರ್ನಿಲ್ಲದೆ ಕಲ್ಕತ್ತಾದ ರಸ್ತೆಗಿಳಿಯುವುದೂ ಒಂದೇ, ಕಣ್ಣು ಕಟ್ಟಿಕೊಂಡು ಇಳಿಯುವುದೂ ಒಂದೇ. ಹದಿನೈದು ಕಿಕ್ ಹೊಡೆದು, ಏದುಸಿರು ಬಿಡುತ್ತ, ಅವರು ಡ್ಯೂಟಿಗೆ ಹೋದರು. ಎರಡನೆಯ ದಿನವೂ ಹಾಗೇ ಆದಾಗ ಬಟ್ಟಲು ಬಿಚ್ಚಿ ಲ್ಯಾಂಪು ಮುಟ್ಟಿಸಿದರು. ತಾವು ಸೇರಿಸಿದ್ದ ವೈರಿನಲ್ಲಿ ಕೀಲಿ ತೆಗೆದರೂ ಲ್ಯಾಂಪು ಹೊತ್ತಿಯೇ ಇತ್ತು. ರಿಲೇ ಇಡೀ ರಾತ್ರಿ ನಾಲಿಗೆ ಅಂಟಿಸಿಕೊಂಡೇ ಇದ್ದು ಬ್ಯಾಟರಿ ಕುಡಿದಿತ್ತು. "ಥೂ ನನ್ನ" ಎಂದುಕೊಂಡು ಓಂಕಾರಪ್ಪ ಅದನ್ನು ಬಿಟ್ಟು ಪಕ್ಕದ ಕಂದು ವೈರಿಗೆ ಸೇರಿಸಿದರು.

ಈ ಸಲ ಏನೂ ಹೊತ್ತಲಿಲ್ಲ. ಜೋಡಣೆ ಸಡಿಲವಿರಬೇಕು, ಸಂಜೆ ನೋಡೋಣ ಎಂದು ಹೊರಟರು. ನಾಗೇರ್‌ಬಜಾರಿನಲ್ಲಿ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದ್ದೇ ತಡ ರಿಲೇ ಟಕ್ ಟಕ್ ಎನ್ನತೊಡಗಿತು, ಸಾಕೆಟ್ಟಿನ ಪುಟ್ಟ ದೀಪ ಕಣ್ಣು ಮಿಟುಕಿಸಿತು. ಇಂಡಿಕೇಟರ್ ಆರಿಸಿದರೆ ನಿಂತಿತು. ಎಡಕ್ಕೆ ತಿರುಗುವಾಗ ಮಾತ್ರ ಚಾರ್ಜಾಗುವ ಫೋನು ಇಡೀ ಬಂಗಾಳದಲ್ಲಿ ಅವರೊಬ್ಬರದ್ದೇ ಇದ್ದಿರಬೇಕು. ಆಗಿನ ಎಡರಂಗದ ಸರ್ಕಾರಕ್ಕೆ ಅದು ಹಿಡಿಸುತ್ತಿತ್ತೋ ಏನೋ. ಆದರೆ ಓಂಕಾರಪ್ಪನವರಿಗೆ ಒಳಗೊಳಗೇ ಸುಸ್ತಾಯಿತು. ಕೈ ತಪ್ಪುತ್ತಿದೆಯಾ, ತಲೆ ತಪ್ಪುತ್ತಿದೆಯಾ ಎಂದು ದಿನವಿಡೀ ಯೋಚಿಸಿದರು.

ಸುಸ್ತೇನೂ ಹೊಸದಲ್ಲ. ಎರಡು ವರ್ಷದ ಹಿಂದೆ ಅವರಿಗೆ ಟಿ.ಬಿ. ಬಂದಿತ್ತು. ತಿಂಗಳುಗಟ್ಟಲೆ ಮಾತ್ರೆ ನುಂಗಿ, ಹದಿಮೂರು ಕೆ.ಜಿ. ಇಳಿದು, ವಾಸಿಯಾಗಿ ಬಂದರು. ಕಾಯಿಲೆ ಹೋಯಿತು, ಸುಸ್ತು ಉಳಿಯಿತು. ಮಾತ್ರೆ ಕೊಡುವಾಗಲೇ ಡಾಕ್ಟರು, "ಇದರಲ್ಲಿ ಒಂದು ಮಾತ್ರೆ ಕೆಲವರ ಕಣ್ಣಿಗೆ ಆಗಿಬರೋದಿಲ್ಲ. ಬಣ್ಣ ಮಂಕಾಗಿ ಕಂಡರೆ ತಕ್ಷಣ ಬಂದು ಹೇಳಬೇಕು" ಅಂದಿದ್ದರು. ಓಂಕಾರಪ್ಪ ಹೂಂ ಅಂದಿದ್ದರು. ಆಮೇಲೊಂದು ದಿನ ಟಿ.ವಿ.ಯಲ್ಲಿ ಮೋಹನ್ ಬಗಾನ್ ಆಟಗಾರರ ಅಂಗಿಯ ಹಸಿರು ಪಟ್ಟೆಯೂ ಮೆರೂನ್ ಪಟ್ಟೆಯೂ ಒಂದೇ ಥರ ಕಂಡಾಗ ಟಿ.ವಿ. ಹಳತಾಯಿತು ಎಂದು ಬೈದು ಸುಮ್ಮನಾದರು. ಕೆಲಸಕ್ಕೆ ಮರಳುವಾಗ ಕಣ್ಣಿನ ಪರೀಕ್ಷೆಯೂ ಆಯಿತು. ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಅದೇ ಪುಸ್ತಕ, ನಾಲ್ಕು ವರ್ಷಕ್ಕೊಮ್ಮೆಯಂತೆ ಮೂವತ್ತು ವರ್ಷ ನೋಡಿದ್ದು. ಹನ್ನೆರಡು, ಎಂಟು ಎಂದು ಪುಟ ತಿರುವುವ ಮೊದಲೇ ಮಾತು ಬಂತು. ಅವತ್ತು ಓದಿದ್ದು ಕಣ್ಣೋ ಬಾಯೋ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿಲ್ಲ.

ಮೂರನೆಯ ಸಲ ಅಕ್ಷರಾಳನ್ನು ಕರೆದರು. ರಾತ್ರಿ ಪಾಳಿ ಮುಗಿಸಿದ ಅವಳನ್ನು ಬೆಳಿಗ್ಗೆ ಕಂಪನಿ ಕಾರು ಆಗಷ್ಟೇ ಇಳಿಸಿ ಹೋಗಿತ್ತು. ಕಣ್ಣು ಎಳೆಯುತ್ತಿದ್ದರೂ ಅಪ್ಪ ಕರೆದರು ಎಂದು ಚಪ್ಪಲಿ ಮೆಟ್ಟಿ ಬಂದಳು.

"ಸೀಟಿನ ಕೆಳಗೆ ಕಂದು ವೈರು ಐತಲ್ಲ, ಅದನ್ನು ಹಿಡ್ಕೊಂಡಿರು ಮಗಳೇ. ನಾನು ಇಲ್ಲಿ ಅದೇ ಬಣ್ಣದ್ದು ತೆಗಿತೀನಿ" ಅಂದರು. ಬಟ್ಟಲಿನೊಳಗೆ ಕೈ ಹಾಕಿ ಒಂದು ವೈರು ಎಳೆದರು. "ಇದೇ ಹೌದಲ್ಲ?"

"ಅಪ್ಪಾ, ಅದು ಗ್ರೀನ್."

"ಇದು?"

"ಅದು ರೆಡ್. ವೈ ಆರ್ ಯೂ ಜೋಕಿಂಗ್, ನಂಗೆ ನಿದ್ದೆ ಬರ್ತಿದೆ."

"ಇದು?"

"ಹಾಂ, ಇದು ಬ್ರೌನ್."

ಓಂಕಾರಪ್ಪ ಮೂರೂ ವೈರುಗಳನ್ನು ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ತಿರುಗಿದರು. ಮಂಜು ಹರಿದು ಬೆಳಕು ಚೆನ್ನಾಗಿಯೇ ಬಿದ್ದಿತ್ತು. ಮೂರೂ ಒಂದೇ ಬಣ್ಣ, ಒದ್ದೆ ಮಣ್ಣಿನ ಬಣ್ಣ. ಕಣ್ಣುಜ್ಜಿ ನೋಡಿದರು. ಕನ್ನಡಕ ಅಂಗಿಯ ತುದಿಯಲ್ಲಿ ಒರೆಸಿ ನೋಡಿದರು. ಅಕ್ಷರಾಳ ಮುಖದಲ್ಲಿದ್ದ ನಿದ್ದೆ ಹಾರಿಹೋಯಿತು. "ಅಪ್ಪಾ, ಸಚ್‌ಮುಚ್ ಕಾಣ್ತಿಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಅವರು ಕಂದು ವೈರನ್ನು ಅವಳ ಕೈಗೆ ಕೊಟ್ಟರು. ಹೇಗೆ ಸುಲಿಯಬೇಕು, ಹೇಗೆ ಹೊಸೆಯಬೇಕು ಎಂದು ಹೇಳಿಕೊಟ್ಟರು, ಅವಳು ಮಾಡಿದಳು. ಕೀಲಿ ತಿರುಗಿಸಿದರೆ ರಿಲೇ ಟಕ್ ಎಂದಿತು, ಸಾಕೆಟ್ಟಿಗೆ ಜೀವ ಬಂತು. ಕೀಲಿ ತೆಗೆದರೆ ಇನ್ನೊಂದು ಟಕ್, ಎಲ್ಲ ಆರಿತು. ಹತ್ತು ದಿನದಿಂದ ಹುಡುಕಿದ್ದು ಹತ್ತು ನಿಮಿಷಕ್ಕೆ ಆಯಿತು. ಅಪ್ಪ ಮಗಳಿಬ್ಬರಿಗೂ ಸಂತೋಷವಾಗಲಿಲ್ಲ.

ಊಟದ ಹೊತ್ತಿಗೆ ಪಾರ್ವತಮ್ಮನಿಗೂ ಗೊತ್ತಾಯಿತು. ಅವರು ಸಾರಿನ ಸೌಟು ಹಿಡಿದು ನಿಂತೇ ಕೇಳಿದರು, ಆಮೇಲೆ ಕೂತರು.

"ಎರಡು ವರ್ಷದಿಂದ ಬಜಾರಿಂದ ಬರೀ ಕಾಯಿ ಟೊಮೇಟೊ ತರ್ತಿದ್ರಿ. ಹಣ್ಣು ತರ್ರಿ ಅಂದ್ರೆ ಮತ್ತೆ ಕಾಯೇ. ನಿಮಗೆ ಕಾಯಿ ಚಟ್ನಿ ಇಷ್ಟ ಅಂದ್ಕೊಂಡು ನಾನು ಸುಮ್ನಾದೆ."

"ನಿನಗೆ ಇಷ್ಟ ಅಂದ್ಕೊಂಡು ನಾನು ತಿಂದೆ" ಅಂದರು ಓಂಕಾರಪ್ಪ. ಒಂದು ಗಳಿಗೆ ಇಬ್ಬರೂ ನಕ್ಕರು. ಪಾರ್ವತಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಿಗ್ನಲ್ ಹೆಂಗ್ ನೋಡ್ತಿದ್ರಿ ಮತ್ತೆ?"

ಅದನ್ನೇ ಅವರು ಬೆಳಿಗ್ಗೆಯಿಂದ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ಸಿಗ್ನಲ್ ಕಂಬದಲ್ಲಿ ಮೇಲಿನದು ಹಸಿರು, ನಡುವಿನದು ಹಳದಿ, ಕೆಳಗಿನದು ಕೆಂಪು. ಯಾವುದು ಹೊತ್ತಿದೆ ಎಂದು ಜಾಗ ನೋಡಿದರೆ ಸಾಕು. ನೆಲದೊಳಗಿನ ಕೇಬಲ್ಲಿನಲ್ಲಿ ಒಂದು ನೀಲಿ, ಒಂದು ಹಳದಿ, ಉಳಿದದ್ದೆಲ್ಲ ಬೂದು. ನೀಲಿಯಿಂದ ಎಣಿಸುತ್ತ ಹೋಗುವುದು. ರಿಲೇ ಕೋಣೆಯ ವೈರುಗಳಿಗೆ ನಂಬರ್ ಚೀಟಿ. ಕೆಂಪು, ಹಸಿರು, ಕಂದು ಒಂದರ ಪಕ್ಕ ಒಂದು ಬಂದು ನಿಲ್ಲುವುದು ಬಡಪಾಯಿ ಬೈಕಿನಲ್ಲಿ ಮಾತ್ರ. ಕೆಲಸವೇ ಅವರ ಕಣ್ಣಿನ ಕುಂದನ್ನು ಅವರಿಂದ ಮುಚ್ಚಿಟ್ಟಿತ್ತು. ಆದರೆ ಹೋದ ತಿಂಗಳು ಒಂದು ಕಂಬದಲ್ಲಿ ಕೆಟ್ಟ ದೀಪ ತೆಗೆದು ಹೊಸದು ಹಾಕಿದ್ದರು. ಕೆಂಪಿನ ಜಾಗಕ್ಕೆ ಕೆಂಪು ದೀಪ, ಡಬ್ಬಿಯ ಮೇಲಿನ ಅಕ್ಷರ ಓದಿ. ಕೆಳಗೆ ನಿಂತ ಹಲ್ದಾರ್ "ಠೀಕ್ ಆಛೇ" ಅಂದಿದ್ದ. ಹಲ್ದಾರ್ ಅವತ್ತು ರಜೆಯಲ್ಲಿದ್ದು, ಗೋಡೌನಿನಲ್ಲಿ ಯಾರೋ ಡಬ್ಬಿ ಅದಲು ಬದಲು ಮಾಡಿದ್ದರೆ? ಅವರು ತಟ್ಟೆ ಸರಿಸಿದರು.

"ಜನವರಿ ಮೂರನೇ ವಾರ ನಾಲ್ಕು ವರ್ಷದ ಕಣ್ಣಿನ ಪರೀಕ್ಷೆ ಐತೆ" ಅಂದರು.

ಪಾರ್ವತಮ್ಮ ಮೆಲ್ಲಗೆ ಹೇಳಿದರು: "ಪುಸ್ತಕ ನಿಮಗೆ ಬಾಯಿಪಾಠ. ಇನ್ನು ಮೂರೇ ವರ್ಷ. ಹಲ್ದಾರ್ ಪಕ್ಕದಲ್ಲೇ ಇರ್ತಾನೆ. ಲಕ್ಷ್ಮೀನಾರಾಯಣರ ಗತಿ ನೋಡಿದ್ರಲ್ಲ."

ಲಕ್ಷ್ಮೀನಾರಾಯಣ ಮೈಸೂರಿನವರು, ಇವರದೇ ಕೆಲಸದಲ್ಲಿದ್ದವರು. ಕಣ್ಣಿನ ಪರೀಕ್ಷೆಯಲ್ಲಿ ಬಿದ್ದ ಮೇಲೆ ಅವರನ್ನು ಆಫೀಸಿನ ಮೂಲೆಯಲ್ಲಿ ಹಾಜರಿ ಪುಸ್ತಕದ ಮುಂದೆ ಕೂರಿಸಿದರು. ಸಂಬಳ ಒಂದು ಪೈಸೆ ಕಡಿಮೆಯಾಗಲಿಲ್ಲ. ಆದರೆ ಫೋನು ಬಂದಾಗಲೆಲ್ಲ ಅವರು ತಲೆಯೆತ್ತಿ ನೋಡುತ್ತಿದ್ದರು, ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಲೇಕ್ ಮಾರ್ಕೆಟ್ಟಿನ ಕಾಫಿಪುಡಿ ಅಂಗಡಿಯಲ್ಲಿ ಸಿಕ್ಕಾಗ ಕೂಡ ಅವರು ಸಿಗ್ನಲ್ ಮಾತೆತ್ತದೆ ಊರಿನ ಮಾತಾಡುತ್ತಿದ್ದರು. ಓಂಕಾರಪ್ಪನವರಿಗೆ ಸಾವಿಗಿಂತ ಆ ಕುರ್ಚಿಯ ಭಯ ಹೆಚ್ಚು. ಓಡಿ ಓಡಿ ಸಾಕಾಗಿದೆ ಎಂದು ದಿನಾ ಗೊಣಗುವವರು ಅವರೇ, ಓಡಬೇಡಿ ಎಂದು ಬಿಡುತ್ತಾರೇನೋ ಎಂದು ಬೆವರುವವರೂ ಅವರೇ.

"ಇಲ್ಲ ಪಾರ್ವತಿ" ಅಂದರು ಕೊನೆಗೆ. "ನಾವು ಸಿಗ್ನಲ್ ಕಟ್ಟೋದೇ ಹೆಂಗೆ ಗೊತ್ತಾ? ಎಲ್ಲಿ ಏನು ಕೆಟ್ರೂ ಅದು ಕೆಂಪಿಗೇ ಬೀಳಬೇಕು. ಕೆಟ್ಟು ಹಸಿರು ತೋರಿಸಬಾರದು. ನಾನೀಗ ಕೆಟ್ಟು ಹಸಿರು ತೋರಿಸ್ತಾ ಇದೀನಿ."

ಮಾರನೆಯ ಬೆಳಿಗ್ಗೆ ಬೈಕು ಒಂದೇ ಒತ್ತಿಗೆ ಹೊರಟಿತು. ದಾರಿಯುದ್ದಕ್ಕೂ ಫೋನು ಚಾರ್ಜಾಯಿತು. ಘೋಷಾಲ್ ಇನ್ನೂ ಬಂದಿರಲಿಲ್ಲ. ಅವರ ಮೇಜಿನೆದುರು ಕೂತು ಓಂಕಾರಪ್ಪ ಬಿಳಿ ಹಾಳೆಯ ಮೇಲೆ "ಟು" ಎಂದು ಬರೆದರು, ಮುಂದೆ ಏನು ಬರೆಯಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷದಲ್ಲಿ ಅವರು ತಪ್ಪಿಲ್ಲದೆ ಬರೆಯಬಲ್ಲ ಇಂಗ್ಲಿಷ್ ಕಾಗದ ಒಂದೇ, ಡಿಸ್‌ಕನೆಕ್ಷನ್ ಮೆಮೊ. ಯಾವ ಸಿಗ್ನಲ್ ಮುಟ್ಟುವ ಮೊದಲೂ ಅದನ್ನು ಬರೆದು ಕೊಡಲೇಬೇಕು: ಇಂಥ ಸಾಧನ, ಇಂಥ ಕಾರಣಕ್ಕೆ, ಇಷ್ಟು ಗಂಟೆಯಿಂದ ಬಳಕೆಯಲ್ಲಿ ಇಲ್ಲ, ಇಷ್ಟು ಹೊತ್ತಿಗೆ ಸರಿಹೋಗುತ್ತದೆ. ಸ್ಟೇಷನ್ ಮಾಸ್ಟರು ಸಹಿ ಹಾಕಿದ ಮೇಲೆ ಆ ಸಿಗ್ನಲನ್ನು ನಂಬಿ ಯಾರೂ ರೈಲು ಬಿಡುವಂತಿಲ್ಲ. ಅವರು ಚೀಲದಿಂದ ಮೆಮೊ ಪುಸ್ತಕ ತೆಗೆದರು. ಸಾಧನ ಎಂಬಲ್ಲಿ ತಮ್ಮ ಹೆಸರು ಬರೆದರು. ಕಾರಣ ಎಂಬಲ್ಲಿ, ಕೆಂಪು ಹಸಿರು ಬೇರೆಯಾಗಿ ಕಾಣುತ್ತಿಲ್ಲ. ಸಮಯ, ಒಂಬತ್ತು ಹತ್ತು.

ಘೋಷಾಲ್ ಬಂದು ಓದಿದರು. ನಗುತ್ತಾರೇನೋ ಎಂದುಕೊಂಡಿದ್ದರು ಓಂಕಾರಪ್ಪ, ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪರೀಕ್ಷೆಯಲ್ಲಿ ಡಾಕ್ಟರೇ ಹೇಳುತ್ತಿದ್ದರಲ್ಲ ಓಂಕಾರ್‌ದಾ. ಇನ್ನೊಂದು ತಿಂಗಳು."

"ಒಂದು ತಿಂಗಳಲ್ಲಿ ಎಷ್ಟು ಗಾಡಿ ಹೋಗ್ತವೆ ಸರ್?"

ಘೋಷಾಲ್ ಮತ್ತೆ ಮೆಮೊ ನೋಡಿದರು. "ಸರಿಹೋಗುವ ಸಮಯದ ಜಾಗ ಖಾಲಿ ಬಿಟ್ಟಿದ್ದೀರಿ" ಅಂದರು.

"ಹೌದು ಸರ್."

ಘೋಷಾಲ್ ಪೆನ್ನು ತೆಗೆದು ಸಹಿ ಹಾಕಿದರು. ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ, ಔಷಧಿ ಇರಬಹುದು ಅಂದರು. ಓಂಕಾರಪ್ಪ ರಿಲೇ ಕೋಣೆಯ ಕೀಲಿಯನ್ನೂ ಫೋನನ್ನೂ ಮೇಜಿನ ಮೇಲಿಟ್ಟರು. ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು, ಆ ಜಾಗದಲ್ಲಿ ಏನೂ ಉಳಿಯದ ಹಾಗೂ ಆಯಿತು.

ಆಗಲೇ ಅದೇ ಫೋನು ಹೊಡೆದುಕೊಂಡಿತು. ಘೋಷಾಲ್ ಎತ್ತಿ ಕೇಳಿದರು. ಡೌನ್ ಲೈನಿನಲ್ಲಿ ಗಾಡಿಯನ್ನು ಸ್ಟೇಷನ್ನಿನೊಳಗೆ ಬಿಡುವ ಹೋಮ್ ಸಿಗ್ನಲ್ ಕೆಟ್ಟಿದೆ, ಲೋಕಲ್ ಗಾಡಿ ನಿಂತುಬಿಟ್ಟಿದೆ. ಓಂಕಾರಪ್ಪ ಎದ್ದುನಿಂತಿದ್ದರು. ಚೀಲ ಹೆಗಲಿಗೇರಿತ್ತು, ಒಂದು ಕಾಲು ಬಾಗಿಲ ಕಡೆಗೆ ಹೋಗಿತ್ತು. ಘೋಷಾಲ್ ಕಿಟಕಿಯ ಕಡೆ ತಿರುಗಿಕೊಂಡರು. ವರಾಂಡದಲ್ಲಿದ್ದ ಹಲ್ದಾರ್ ಒಳಗೆ ಬಂದು ಇಬ್ಬರನ್ನೂ ನೋಡಿದ, ವಿಷಯ ಗೊತ್ತಿಲ್ಲದೆ, "ಚಲೋ ದಾದಾ" ಅಂದ.

ಓಂಕಾರಪ್ಪ ಚೀಲ ಇಳಿಸಿ ಅವನ ಹೆಗಲಿಗೆ ಹಾಕಿದರು. ಪಟ್ಟಿ ಅವನಿಗೆ ಉದ್ದವಾಗುತ್ತಿತ್ತು, ಎರಡು ತೂತು ಬಿಗಿಮಾಡಿದರು. "ಆರೋದನ್ನೂ ನೋಡ್ಕೊಂಡು ಬಾ" ಅಂದರು. ಅವನು ಓಡಿದ ಮೇಲೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಮೂವತ್ತು ವರ್ಷದಲ್ಲಿ ಮೊದಲ ಸಲ ಆಫೀಸಿನಲ್ಲಿ ಅತ್ತರು.